‘ಸತ್ತು ಹುಟ್ಟಿದ್ದು’ ಎಂಬ ಕಾಲಂ

ಫೆಬ್ರವರಿ ೩

ಅಕ್ಕ,

ಫೋನಿನಲ್ಲಿ ನಾವಿಬ್ಬರೂ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಜಗಳ ಗ್ಯಾರಂಟಿ. ಅದಕ್ಕೇ ಕಾಗದ. ಅಮ್ಮನಿಗೂ ಓದಿ ಹೇಳು. ಕಣ್ಣು ಮಂಜಾದ ಮೇಲೆ ಅವಳು ರೇಡಿಯೋದ ಕಿವಿ ಹಿಂಡುತ್ತ ಕೂರುತ್ತಾಳೆ ಎಂದಿದ್ದೆಯಲ್ಲ, ಸ್ವಲ್ಪ ಹೊತ್ತು ಹೋಗುತ್ತದೆ.

ನಿಮ್ಮ ಹಂದಿ ಫಾರ್ಮಿನಿಂದ ಕಿವಿಯ ಚೂರುಗಳ ಪೆಟ್ಟಿಗೆ ನಿನ್ನೆ ನಮ್ಮ ಸಂಸ್ಥೆಗೆ ತಲುಪಿತು. ಒಂಬೈನೂರ ನಲವತ್ತು ಹೆಣ್ಣು ಹಂದಿ, ಅಷ್ಟೇ ಸೀಸೆ. ಮುಚ್ಚಳ ತೆಗೆದರೆ ಸ್ಪಿರಿಟ್ಟಿನ ಘಾಟು, ಅದರ ಹಿಂದೆಯೇ ನಿಮ್ಮ ಶೆಡ್ಡಿನ ನಾತ. ಮೂರು ಸಲ ಸೋಪು ಹಾಕಿ ಉಜ್ಜಿದೆ. ಊಟಕ್ಕೆ ಕೂತರೆ ಬೆರಳಿನಲ್ಲಿ ಅದೇ ವಾಸನೆ, ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನೀನು ಹದಿನಾಲ್ಕು ವರ್ಷ ಹೇಗೆ ತಡೆದುಕೊಂಡೆಯೋ.

ನನ್ನ ಕೆಲಸ ಏನು ಅಂತ ಅಮ್ಮ ಕೇಳುತ್ತಾಳೆ ಎಂದೆಯಲ್ಲ. ಹೀಗೆ ಹೇಳು. ಹಂದಿಗೆ ಹತ್ತೊಂಬತ್ತು ಜೊತೆ ವರ್ಣತಂತುಗಳಿವೆ. ಅವುಗಳ ಉದ್ದಕ್ಕೂ ರಸ್ತೆ ಬದಿಯ ಮೈಲಿಗಲ್ಲಿನಂತೆ ಸಾವಿರಾರು ಗುರುತುಗಳಿವೆ. ಹೆಚ್ಚು ಮರಿ ಹಾಕುವ ಹಂದಿಗಳಲ್ಲಿ ಯಾವ ಗುರುತು ಸಾಮಾನ್ಯ, ಸತ್ತ ಮರಿ ಹಾಕುವ ಹಂದಿಗಳಲ್ಲಿ ಯಾವುದು ಸಾಮಾನ್ಯ ಎಂದು ಹೊಂದಿಸಿ ನೋಡುವುದು. ಗುರುತು ಸಿಕ್ಕರೆ ಆ ಗುಣ ಎಲ್ಲಿ ಕೂತಿದೆ ಎಂಬ ನಕ್ಷೆ ಸಿಕ್ಕ ಹಾಗೆ. ಕಿವಿಯ ಚೂರು ಅರ್ಧ, ನಿಮ್ಮ ಹೆರಿಗೆ ಪುಸ್ತಕಗಳು ಇನ್ನರ್ಧ. ಪುಸ್ತಕದ ನಕಲುಗಳೂ ಬಂದಿವೆ. ಮೂರನೇ ಶೆಡ್ಡಿನದು ನಿನ್ನ ಅಕ್ಷರ ಎಂದು ನೋಡಿದ ಕೂಡಲೇ ತಿಳಿಯಿತು, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.

ಒಂದು ಮಾತು. ನೀನು ನನ್ನ ಅಕ್ಕ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಮನೆಯವರು ಬರೆದ ದಾಖಲೆ ಎಂದರೆ ಮೂಗು ಮುರಿಯುತ್ತಾರೆ. ತಪ್ಪು ತಿಳಿಯಬೇಡ.

ನಿನ್ನ ಪುಟ್ಟಿ


ಫೆಬ್ರವರಿ ೧೯

ಪುಟ್ಟಿ,

ಕಿವಿಯ ಚೂರಿಗೇ ನಿನಗೆ ಊಟ ಸೇರಲಿಲ್ಲವಲ್ಲ, ರಾಣಿ. ಬಂದು ನೋಡು. ಐವತ್ತಾರು ಕಬ್ಬಿಣದ ಕಟಕಟೆ, ಹೆರುವ ಹೊತ್ತಿಗೆ ಸರದಿಯಂತೆ ಒಂದೊಂದರಲ್ಲಿ ಒಂದೊಂದು ಹಂದಿ. ತಿರುಗಲು ಜಾಗವಿಲ್ಲ, ಮಲಗಬಹುದು, ಏಳಬಹುದು, ಹೆರಬಹುದು. ದಿನಕ್ಕೆ ಎರಡು ಮೂರು ಹೆರಿಗೆ. ಮೊಣಕೈವರೆಗೂ ಲೋಳೆ, ಕಾಲಿನ ಕೆಳಗೆ ಕಸ, ಮಾಸು. ಬೂಟಿನೊಳಗೆ ಏನು ಇಳಿದಿದೆ ಎಂದು ನೋಡುವುದನ್ನು ಬಿಟ್ಟು ವರ್ಷಗಳಾದವು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವತ್ತೂ ಖಾಲಿ. ಸೀಟಿಗಾಗಿ ಹೊಡೆದಾಡುವ ಜನ ನನ್ನನ್ನು ಕಂಡರೆ ನಿಂತೇ ಹೋಗುತ್ತಾರೆ. ಅಷ್ಟು ಸುಖ ಉಂಟು.

ಅಮ್ಮನಿಗೆ ಓದಿ ಹೇಳಿದೆ. ವರ್ಣತಂತು ಎಂದಾಗ ತಲೆಯಾಡಿಸಿದಳು. ಅರ್ಥವಾಯಿತೋ, ನಿದ್ದೆಯೋ ಗೊತ್ತಿಲ್ಲ. ನೀನು ನನ್ನನ್ನು ಅಕ್ಕ ಎಂದು ಹೇಳಿಕೊಳ್ಳದ ಸಾಲನ್ನು ಬಿಟ್ಟು ಓದಿದೆ.

ಪುಸ್ತಕದಲ್ಲಿ ನಾಲ್ಕು ಕಾಲಂ ಇವೆ: ಒಟ್ಟು, ಜೀವಂತ, ಸತ್ತು ಹುಟ್ಟಿದ್ದು, ನಂತರ ಸತ್ತದ್ದು. ನಿನಗೆ ಎಲ್ಲವೂ ಬೇಕಾ, ಅಥವಾ ಒಟ್ಟು ಎಷ್ಟು ಎಂಬುದಷ್ಟೇ ಸಾಕಾ? ಒಟ್ಟು ಲೆಕ್ಕ ಯಾವಾಗಲೂ ಸರಿ ಇರುತ್ತದೆ. ಅದನ್ನೇ ಇಟ್ಟುಕೊಂಡರೆ ಒಳ್ಳೆಯದು ಅನ್ನಿಸುತ್ತದೆ. ನನಗೇನು ತಿಳಿಯುತ್ತದೆ, ಓದಿದವಳು ನೀನು.

ಅಕ್ಕ


ಮೇ ೭

ಅಕ್ಕಾ,

ಸಿಕ್ಕಿತು. ಎಂಟನೇ ವರ್ಣತಂತುವಿನ ಒಂದು ಜಾಗದಲ್ಲಿ ನಕ್ಷೆಯ ಗೆರೆ ಎದ್ದು ನಿಂತಿದೆ. ಉಳಿದ ಕಡೆಯೆಲ್ಲ ಹುಲ್ಲಿನ ಹಾಗೆ ಚಿಗುರು, ಇಲ್ಲಿ ಮಾತ್ರ ಶಿಖರ. ಯಾವ ಗುಣ ಗೊತ್ತಾ? ಒಟ್ಟು ಮರಿಗಳದ್ದಲ್ಲ. ಸತ್ತು ಹುಟ್ಟುವುದು. ಅದೂ ಬಹುಪಾಲು ನಿನ್ನ ಶೆಡ್ಡಿನ ಹಂದಿಗಳಲ್ಲಿ. ಅವೆಲ್ಲ ಒಂದೇ ಗಂಡು ಹಂದಿಯ ಮಕ್ಕಳು, ಮೊಮ್ಮಕ್ಕಳು. ಹದಿನಾರು ಹದಿನೇಳು ಮರಿ ಹಾಕುತ್ತವೆ, ನಾಲ್ಕೈದು ಸತ್ತೇ ಹುಟ್ಟುತ್ತವೆ. ಗುಣ ವಂಶದಲ್ಲೇ ಹರಿಯುತ್ತಿದೆ.

ಪ್ರೊಫೆಸರ್ ನನ್ನ ಕುರ್ಚಿಯ ಬಳಿಗೇ ಬಂದು ಪರದೆ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ತಪ್ಪಿಲ್ಲದೆ ಕರೆದರು. “ಇದೊಂದು ಗಟ್ಟಿಯಾದ್ರೆ ನಿಮ್ಮ ಕೆಲ್ಸ ಖಾಯಂ ಅಂತ್ಲೇ ಇಟ್ಕೊಳ್ಳಿ,” ಎಂದರು. ನವೆಂಬರಿನಲ್ಲಿ ಸಮಿತಿ ಕೂರುತ್ತದೆ. ಅಕ್ಕ, ವರ್ಷ ವರ್ಷ ಮುಂದೂಡುವ ಈ ನೇಮಕದಲ್ಲಿ ನನ್ನ ಮೂಳೆ ಸವೆದಿದೆ. ಇದು ಕೈತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ.

ಆ ಗುರುತು ಇರುವ ಹಂದಿಗಳನ್ನು ಫಾರ್ಮಿನಿಂದ ತೆಗೆದುಹಾಕಬೇಕು ಎಂದು ವರದಿ ಹೋಗುತ್ತದೆ. ನೂರ ಎಂಬತ್ತಾರು. ನಿನಗೂ ಸತ್ತ ಮರಿ ಎಳೆಯುವ ಕೆಲಸ ಕಡಿಮೆಯಾಗುತ್ತದೆ.

ಒಂದು ಉಪಕಾರ. ಸತ್ತು ಹುಟ್ಟಿದ ಹತ್ತು ಮರಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸು. ಒಳಗೆ ಯಾವ ಅಂಗ ಬೆಳೆದಿಲ್ಲ ಎಂದು ನೋಡಬೇಕು.

ಪುಟ್ಟಿ


ಜೂನ್ ೨೮

ಪುಟ್ಟಿ,

ಉತ್ತರ ತಡವಾಯಿತು. ಏನೋ ಒಂದು.

ನಿನ್ನ ಕೆಲಸದ ಸುದ್ದಿ ಕೇಳಿ ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದಳು. ಕಣ್ಣು ಕಾಣದಿದ್ದರೂ ಮೂರು ಮನೆಯ ಬಾಗಿಲು ತಪ್ಪಿಲ್ಲದೆ ಹುಡುಕಿದಳು. ಹಂದಿಯ ವಿಷಯ ಎಂದು ಮಾತ್ರ ಹೇಳಲಿಲ್ಲವಂತೆ, “ದೊಡ್ಡ ಸಂಶೋಧನೆ” ಎಂದಳಂತೆ.

ಪೆಟ್ಟಿಗೆ ಕಳಿಸಿದ್ದೇನೆ. ಹತ್ತು ಮರಿ. ಎಲ್ಲವೂ ಮೂರನೇ ಶೆಡ್ಡಿನವೇ, ‘ಸತ್ತು ಹುಟ್ಟಿದ್ದು’ ಕಾಲಮ್ಮಿನವೇ. ಚೆನ್ನಾಗಿ ನೋಡು. ಅವಸರ ಮಾಡಬೇಡ. ಬರೀ ಗೆರೆ ನೋಡಿ ಕುಣಿಯಬೇಡ, ಮರಿಯನ್ನೂ ನೋಡು.

ಆ ನೂರ ಎಂಬತ್ತಾರು ಹಂದಿಗಳು ಎಂದರೆ ನನ್ನ ಶೆಡ್ಡಿನ ಒಳ್ಳೆಯ ಹಂದಿಗಳೆಲ್ಲ ಬಂದವು. ಅವನ್ನು ತೆಗೆಯಲೇಬೇಕಾ?

ಅಕ್ಕ


ಜುಲೈ ೯

ಅಕ್ಕ,

ಏನು ಮಾಡಿದೆ ನೀನು? ನಾನು ಕೇಳಿದ್ದು ಸತ್ತು ಹುಟ್ಟಿದ ಮರಿಗಳನ್ನು. ಬೇರೆ ಪೆಟ್ಟಿಗೆ ಬಂದಿದೆ.

ಹೊಟ್ಟೆಯಲ್ಲೇ ಸತ್ತ ಮರಿ ಉಸಿರೆಳೆದಿರುವುದಿಲ್ಲ, ಅದರ ಶ್ವಾಸಕೋಶವನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಉಸಿರಾಡಿದ ಮರಿಯದು ತೇಲುತ್ತದೆ. ಗಾಜಿನ ಪಾತ್ರೆಯಲ್ಲಿ ಒಂದೊಂದಾಗಿ ಹಾಕಿದೆ. ಎರಡು ಮುಳುಗಿದವು. ಎಂಟು ತೇಲಿದವು. ಬೆರಳಿನಲ್ಲಿ ಒತ್ತಿ ಕೆಳಗೆ ತಳ್ಳಿದರೂ ಮತ್ತೆ ಮೇಲೆ ಬಂದವು. ಪಕ್ಕದಲ್ಲಿ ತಂತ್ರಜ್ಞ ನಿಂತಿದ್ದ, ಅವನ ಮುಂದೆ ನನ್ನ ಮರ್ಯಾದೆ ಹೋಯಿತು. ಆ ಎಂಟೂ ಮರಿಗಳ ತಲೆಬುರುಡೆ ಒಂದೇ ಕಡೆ ಒಡೆದಿದೆ. ತಾಯಿ ಮೈಮೇಲೆ ಬಿದ್ದು ಸತ್ತವು ಎಂದು ಕಾಣುತ್ತದೆ. ಅಂದರೆ ‘ನಂತರ ಸತ್ತದ್ದು’ ಪೆಟ್ಟಿಗೆ. ಎರಡು ಪೆಟ್ಟಿಗೆ ಅದಲುಬದಲು ಮಾಡದೆ ಇರುವಷ್ಟು ಎಚ್ಚರವೂ ಬೇಡವಾ?

ಇನ್ನೊಮ್ಮೆ ಕಳಿಸು. ನಿನಗೆ ಇದು ಕಸ, ನನಗೆ ಇದು ಜೀವನ.


ಜುಲೈ ೨೦

ಪುಟ್ಟಿ,

ಪೆಟ್ಟಿಗೆ ಬದಲಾಗಿಲ್ಲ. ಬಾಯಿಬಿಟ್ಟು ಹೇಳಲಾಗದೆ ಅವನ್ನೇ ಆರಿಸಿ ಕಳಿಸಿದೆ. ಓದಿದವಳು, ನೋಡಿದ ಕೂಡಲೇ ತಿಳಿದುಕೊಳ್ಳುತ್ತೀ ಎಂದುಕೊಂಡೆ. ನೀನು ತಾಯಿ ಹಂದಿಯ ತಲೆಗೆ ಕಟ್ಟಿದೆ.

ಇಲ್ಲಿ ಒಂದು ನಿಯಮ ಇದೆ. ಕಾಗದದ ಮೇಲಿಲ್ಲ. ಎಂಟುನೂರು ಗ್ರಾಮಿಗಿಂತ ಕಡಿಮೆ ತೂಗುವ ಮರಿಯನ್ನು ಇಟ್ಟುಕೊಳ್ಳಬಾರದು. ಹಂದಿಗೆ ಹದಿನಾಲ್ಕು ಮೊಲೆ, ಹದಿನೇಳು ಮರಿ ಹಾಕಿದರೆ ಸಣ್ಣವಕ್ಕೆ ಹಾಲು ಸಿಗುವುದಿಲ್ಲ. ಒಂದನೇ ಶೆಡ್ಡಿನವರು, ಎರಡನೇ ಶೆಡ್ಡಿನವರು ಅವನ್ನು ಮೂಲೆಗೆ ತಳ್ಳಿ ಬಿಡುತ್ತಾರೆ. ಎರಡು ದಿನ ಕಿರುಗುಟ್ಟಿ ಸಾಯುತ್ತವೆ, ‘ನಂತರ ಸತ್ತದ್ದು’ ಕಾಲಮ್ಮಿಗೆ ಹೋಗುತ್ತವೆ. ನನಗೆ ಆ ಎರಡು ದಿನ ನೋಡಲಾಗುವುದಿಲ್ಲ. ಒಡನೆಯೇ ತೂಗುತ್ತೇನೆ, ಕಡಿಮೆ ಬಂದರೆ ಹಿಂಗಾಲು ಹಿಡಿದು ಕಾಂಕ್ರೀಟಿನ ಅಂಚಿಗೆ ಒಂದು ಸಲ. ಒಂದೇ ಸಲ. ಎರಡನೆಯ ಏಟು ಬೇಕಾಗದ ಹಾಗೆ ಕಲಿತಿದ್ದೇನೆ. ಕೊಂದ ಪ್ರತಿ ಮರಿಗೂ ಪಶುವೈದ್ಯರಿಗೆ ಒಂದು ವರದಿ ಬರೆಯಬೇಕೆಂದಿದೆ. ಸೂಪರ್‌ವೈಸರನಿಗೆ ಅದು ಬೇಡ. “ತಾಯಿ ಹಾಲು ಕುಡೀಲಿಲ್ಲ ತಾನೆ? ಹಾಗಾದ್ರೆ ಹುಟ್ಟೇ ಇಲ್ಲ ಅಂತ ಲೆಕ್ಕ. ಸತ್ತು ಹುಟ್ಟಿದ್ದು ಅಂತ ಬರಿ,” ಎಂದ. ಬರೆದೆ. ಆರು ವರ್ಷದಿಂದ ಬರೆಯುತ್ತಿದ್ದೇನೆ.

ನೀನು ಕಂಡುಹಿಡಿದದ್ದು ಹಂದಿಯ ಗುಣವಲ್ಲ, ಪುಟ್ಟಿ, ನಿನ್ನ ಅಕ್ಕನ ಬಲಗೈ. ನನ್ನ ಶೆಡ್ಡಿನ ಹಂದಿಗಳು ಬೇರೆಯವಕ್ಕಿಂತ ಹೆಚ್ಚು ಮರಿ ಹಾಕುತ್ತವೆ, ಅದಕ್ಕೇ ಸಣ್ಣವೂ ಹೆಚ್ಚು. ಎಲ್ಲೋ ಒಂದೆರಡು ಬಿಟ್ಟರೆ ಎಲ್ಲವೂ ಉಸಿರಾಡುತ್ತಲೇ ಹುಟ್ಟುತ್ತವೆ. ಅವುಗಳ ಮೇಲೆ ಯಾವ ಶಾಪವೂ ಇಲ್ಲ. ಆ ನೂರ ಎಂಬತ್ತಾರನ್ನು ಸಾಯಿಸಬೇಡ.

ಇದನ್ನು ಬರೆದು ಕೈ ಒರೆಸಿಕೊಂಡೆ. ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ. ಮರಿ ಕೊಂದದ್ದಕ್ಕಲ್ಲ, ಅದನ್ನು ದುಂಡಗೆ ಚಿತ್ತಿಲ್ಲದೆ ಬರೆದದ್ದಕ್ಕೆ.

ಅಕ್ಕ


ಸೆಪ್ಟೆಂಬರ್ ೩೦

ಅಕ್ಕ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಕೈ ಕಣ್ಣ ಮುಂದೆ ಬರುತ್ತಿತ್ತು. ಚಿಕ್ಕವಳಿದ್ದಾಗ ನನ್ನ ತಲೆ ಬಾಚಿದ್ದೂ ಅದೇ ಕೈ. ಹೇಸಿಗೆಯಾಗುತ್ತದೆ. ಮುಚ್ಚಿಡಲಾರೆ.

ಮೂರನೇ ಶೆಡ್ಡನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದೆ. ಒಂದು ಭಾನುವಾರ, ಯಾರೂ ಇಲ್ಲದಾಗ. ಶಿಖರ ಇರಲಿಲ್ಲ. ಬಟಾಬಯಲು. ಹತ್ತು ನಿಮಿಷ ನೋಡುತ್ತ ಕೂತೆ, ಆಮೇಲೆ ಅಳಿಸಿ ಹಾಕಿದೆ.

ಈಗ ಕೇಳು, ಸಿಟ್ಟು ಮಾಡಬೇಡ. ವರದಿ ಆಗಲೇ ಮೇಲಕ್ಕೆ ಹೋಗಿದೆ, ಪ್ರೊಫೆಸರ್ ಎರಡು ಸಭೆಗಳಲ್ಲಿ ಅದರ ಬಗ್ಗೆ ಮಾತಾಡಿದ್ದಾರೆ. ಆ ತಂತ್ರಜ್ಞ ಮಾತ್ರ ತೇಲಿದ ಶ್ವಾಸಕೋಶದ ವಿಷಯ ಅಲ್ಲಿ ಇಲ್ಲಿ ಆಡುತ್ತಿದ್ದಾನೆ. ಅವನ ಬಾಯಿ ಮುಚ್ಚಿಸಲು ಒಂದು ಚೀಟಿ ಸಾಕು. ‘ಜೂನಿನಲ್ಲಿ ಕಳಿಸಿದ ಪೆಟ್ಟಿಗೆ ಕೈತಪ್ಪಿನಿಂದ ಬದಲಾಗಿತ್ತು; ಪುಸ್ತಕದಲ್ಲಿ ಸತ್ತು ಹುಟ್ಟಿದ್ದು ಎಂದು ಬರೆದವೆಲ್ಲ ಸತ್ತೇ ಹುಟ್ಟಿದ್ದವು’ ಎಂದು ಬರೆದು ಸಹಿ ಹಾಕಿ ಕಳಿಸು. ಎರಡು ಸಾಲು. ಇಷ್ಟು ವರ್ಷ ಆ ಸೂಪರ್‌ವೈಸರನಿಗಾಗಿ ಬರೆದಿದ್ದೀಯ, ಒಂದು ಸಲ ನನಗಾಗಿ ಬರೆ.

ಹಂದಿಗಳು ಹೇಗಿದ್ದರೂ ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಕಸಾಯಿಖಾನೆಗೆ ಹೋಗುವಂಥವೇ. ನನಗೆ ಇನ್ನೊಂದು ನವೆಂಬರ್ ಇಲ್ಲ.

ಪುಟ್ಟಿ


ಅಕ್ಟೋಬರ್ ೫

ಪುಟ್ಟಿ,

ಹೇಸಿಗೆ ಎಂದು ಬರೆದ ಕೈಯಿಂದಲೇ ಚೀಟಿ ಬೇಕು ಎಂದೂ ಬರೆದಿದ್ದೀಯ. ಅದೂ ಒಂದೇ ಹಾಳೆಯಲ್ಲಿ, ಮಧ್ಯೆ ಉಸಿರೂ ತೆಗೆದುಕೊಳ್ಳದೆ.

ಚೀಟಿ ಬರೆದೆ. ನೀನು ಹೇಳಿದ್ದನ್ನಲ್ಲ. ಯಾವ ಯಾವ ದಿನ, ಯಾವ ಕಟಕಟೆ, ಎಷ್ಟು ಮರಿ ಉಸಿರಾಡುತ್ತ ಹುಟ್ಟಿದವು, ಎಷ್ಟನ್ನು ನಾನು ಕೊಂದೆ, ಯಾರು ಹೇಳಿ ಬರೆಸಿದ್ದು, ಎಲ್ಲವನ್ನೂ. ಪ್ರತಿ ಮರಿಯ ತೂಕ ನನ್ನ ಸಣ್ಣ ನೋಟುಪುಸ್ತಕದಲ್ಲಿದೆ. ಯಾಕೆ ಬರೆದಿಟ್ಟಿದ್ದೆ ಎಂದು ನನಗೇ ಗೊತ್ತಿಲ್ಲ. ನಿಮಗೆ ಪುಸ್ತಕದ ನಕಲು ಕಳಿಸಿದ ಮೂರು ವರ್ಷದ ಲೆಕ್ಕವೇ ಹದಿನೆಂಟು ಹಾಳೆ ಆಯಿತು. ನಿಮ್ಮ ಸಂಸ್ಥೆಯ ಸಮಿತಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ. ನೀನು ನನಗೆ ಏನಾಗಬೇಕು ಎಂಬುದನ್ನೂ ಬರೆದಿಲ್ಲ.

ಇದರಿಂದ ನನ್ನ ಕೆಲಸ ಹೋಗಬಹುದು. ನಿನ್ನದೂ. ಗೊತ್ತಿದ್ದೇ ಹಾಕಿದೆ. ನಿನಗೆ ಬೇಕಾದಷ್ಟು ಬೈಯಿ, ಅಮ್ಮನಿಗೆ ಆ ಭಾಗ ಓದುವುದಿಲ್ಲ. ಆದರೆ ಸಮಿತಿಯವರು ಕೇಳಿದಾಗ ‘ಹೌದು, ಲೆಕ್ಕ ತಪ್ಪಿದೆ, ನಾನೂ ನೋಡಿದ್ದೇನೆ’ ಎಂದು ನೀನೇ ಮೊದಲು ಹೇಳಿದರೆ ನಿನ್ನ ಮರ್ಯಾದೆ ಉಳಿಯುತ್ತದೆ. ತಪ್ಪು ಕಂಡುಹಿಡಿದವಳು ನೀನೇ ಆಗುತ್ತೀ. ಅದಕ್ಕೇ ಒಂದು ತಿಂಗಳು ಮುಂಚೆ ತಿಳಿಸುತ್ತಿದ್ದೇನೆ.

ಅಕ್ಕ


ನವೆಂಬರ್ ೨೬

ಅಕ್ಕ,

ಸಮಿತಿ ಮೊನ್ನೆ ಕೂತಿತು. ಉದ್ದನೆಯ ಮೇಜು, ಆರು ಜನ, ಮಧ್ಯೆ ನಿನ್ನ ಹದಿನೆಂಟು ಹಾಳೆ. ಹಾಳೆಗೆ ಶೆಡ್ಡಿನ ವಾಸನೆ ಇತ್ತೋ ಏನೋ, ಒಬ್ಬರು ತುದಿ ಹಿಡಿದು ಪುಟ ತಿರುವಿದರು. ಮೂರನೇ ಪುಟದ ಆಚೆಗೆ ಯಾರೂ ಓದಲಿಲ್ಲ.

ಪ್ರೊಫೆಸರ್ ಒಂದು ಕ್ಷಣವೂ ತಡವರಿಸಲಿಲ್ಲ. “ಸತ್ತು ಹುಟ್ಟೋದು ಅನ್ನೋದನ್ನ ತೆಗೆದು ಹುಟ್ಟಿನ ದೌರ್ಬಲ್ಯ ಅಂತ ಹಾಕಿದ್ರಾಯ್ತು. ಶಿಖರ ಅಲ್ಲೇ ಇರುತ್ತಲ್ಲ,” ಎಂದರು. ಎಲ್ಲರೂ ತಲೆಯಾಡಿಸಿದರು. ಹೆಸರು ಬದಲಾಯಿತು, ಮುಗಿಯಿತು. ಆ ಭಾನುವಾರ ನಾನು ನೋಡಿದ ಬಟಾಬಯಲಿನ ಬಗ್ಗೆ ಹೇಳಬೇಕೆಂದು ಬಾಯಿ ತೆರೆದೆ. ಒಬ್ಬರು ನೀರು ಬೇಕಾ ಎಂದು ಕೇಳಿದರು. ಬೇಕು ಎಂದೆ.

ಆಮೇಲೆ ಅಧ್ಯಕ್ಷರು ನಿನ್ನ ಸಹಿಯ ಮೇಲೆ ಬೆರಳಿಟ್ಟು, “ಈ ಹೆಂಗಸಿಗೆ ಫಾರ್ಮಿನ ಮೇಲೆ ಏನೋ ಹಗೆ ಇರೋ ಹಾಗಿದೆ. ನಿಮಗೆ ಗೊತ್ತಾ ಇವರು?” ಎಂದರು. ನನ್ನನ್ನೇ ಕೇಳಿದ್ದು. “ಗೊತ್ತಿಲ್ಲ ಸರ್,” ಎಂದೆ. ಯೋಚಿಸಲೂ ಇಲ್ಲ ಅಕ್ಕ, ಮೊದಲೇ ನಾಲಿಗೆಯ ಮೇಲಿದ್ದ ಹಾಗೆ ಬಂತು. ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು. ಎರಡು ತಿಂದೆ.

ಕೆಲಸ ಖಾಯಂ ಆಗಿದೆ. ಆದೇಶ ಕೈಗೆ ಬಂದಿದೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಆ ಎರಡು ಬಿಸ್ಕತ್ತನ್ನು ವಾಂತಿ ಮಾಡಿದೆ. ಹಂದಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಈಗ ನನ್ನನ್ನು ನಾನೇ ತಡೆದುಕೊಳ್ಳಲಾಗುತ್ತಿಲ್ಲ. ನಿನಗೆ ಸುಳ್ಳು ಹೇಳಿ ಬರೆಯಬಹುದಿತ್ತು. ಹೇಳಲಿಲ್ಲ. ಅಷ್ಟಕ್ಕಾದರೂ ನನ್ನನ್ನು ಬಿಟ್ಟುಬಿಡು. ಅಮ್ಮನಿಗೆ ಕೆಲಸದ ವಿಷಯ ಮಾತ್ರ ಓದು.

ಪುಟ್ಟಿ


ಡಿಸೆಂಬರ್ ೧೪

ಪುಟ್ಟಿ,

ಲಾರಿಗಳು ಸೋಮವಾರ, ಮಂಗಳವಾರ ಬಂದವು. ಪಟ್ಟಿಯ ಕೆಳಗೆ ನಿನ್ನ ಸಹಿ ಇತ್ತು. ನೂರ ಎಂಬತ್ತಾರು ಬೆನ್ನುಗಳ ಮೇಲೆ ನೀಲಿ ಬಣ್ಣ ಬಳಿಯಬೇಕಿತ್ತು. ನನ್ನನ್ನು ಕೆಲಸದಿಂದ ತೆಗೆದಿರಲಿಲ್ಲ. ಸೂಪರ್‌ವೈಸರ್ ಹಲ್ಲು ಕಿರಿದು, “ನಿನ್ನಷ್ಟು ಚೊಕ್ಕ ಕೆಲ್ಸ ಬೇರೆ ಯಾರಿಗೆ ಬರುತ್ತೆ?” ಎಂದ. ನಲವತ್ತೊಂದು ಹಂದಿಗಳ ಹೊಟ್ಟೆಯಲ್ಲಿ ಮರಿಗಳಿದ್ದವು. ಕೊನೆಯ ವಾರದವು ಕೆಲವು. ಇಳಿಜಾರು ಹಲಗೆಯ ಮೇಲೆ ಹೊಟ್ಟೆ ಉಜ್ಜಿಕೊಂಡು ಹತ್ತಿದವು. ಒಂದಕ್ಕೆ ಲಾರಿಯೊಳಗೇ ನೋವು ಶುರುವಾಯಿತು. ಚಾಲಕ ಇಂಜಿನ್ ನಿಲ್ಲಿಸಲಿಲ್ಲ.

ಬುಧವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ. ಬೂಟನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದೆ.

ನಿನ್ನ ಮೇಲೆ ಸಿಟ್ಟು ಮಾಡಲು ಹೋದೆ, ಬರಲಿಲ್ಲ. ತಟ್ಟೆಯಲ್ಲಿ ಕೂದಲು ಸಿಕ್ಕಿದರೆ ಊಟ ಬಿಟ್ಟು ಏಳುತ್ತೇವಲ್ಲ, ಅಂಥದ್ದು ಬಂತು. ಬಿಟ್ಟುಬಿಡು ಎಂದಿದ್ದೀಯ. ನಾನು ಹಿಡಿದುಕೊಂಡಿಲ್ಲ.

ಇಷ್ಟು ದಿನ ನಿನ್ನ ಕಾಗದದಲ್ಲಿ ಬೇಕಾದ್ದನ್ನು ಓದಿ ಬೇಡವಾದ್ದನ್ನು ನುಂಗಿಕೊಳ್ಳುತ್ತಿದ್ದೆ. ಈ ಸಲ ಅಮ್ಮನಿಗೆ ಒಂದಕ್ಷರ ಬಿಡದೆ ಓದಿದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ನೀನು ಅಧ್ಯಕ್ಷರಿಗೆ ಕೊಟ್ಟ ಉತ್ತರ ಬಂದಾಗ ಕೈ ಎತ್ತಿ ತಡೆದಳು.

“ಅಲ್ಲಿ ಇನ್ನೊಂದ್ಸಲ ಓದು.”

ಓದಿದೆ.

“ಯಾರ ಬಗ್ಗೆ ಕೇಳಿದ್ದು ಅವ್ರು?”

“ನನ್ನ ಬಗ್ಗೇನಮ್ಮ.”

ಉಳಿದದ್ದನ್ನೂ ಓದಿ ಮುಗಿಸಿದೆ. ಕೆಲಸ ಖಾಯಂ ಆದದ್ದು ಬಂದಾಗಲೂ ಅವಳ ಮುಖ ಅರಳಲಿಲ್ಲ. ಕಾಗದ ಮಡಿಸಿದಾಗ, ಉತ್ತರ ಬರೆಯುತ್ತೀಯಾ ಎಂದು ಕೇಳಿದಳು. ಬರೆಯುತ್ತೇನೆ, ನಿನ್ನ ಕಡೆಯಿಂದ ಏನು ಬರೆಯಲಿ ಅಮ್ಮ ಎಂದೆ.

“ನಾನು ಹೇಗಿದೀನಿ ಅಂತ ಅವಳಿಗೆ ಬರೀಬೇಡ,” ಎಂದಳು.

ಅಕ್ಕ